ಉಪ್ಪರಿಗೆಯಲ್ಲಿ ಬರೆದ ಧಾರಾವಾಹಿ

ನಾನು ಮದುವೆಯಾಗಿ ಹೋದ ಮನೆಯ ಕೆಳಗೆ ಚಿನ್ನದಂಗಡಿ ಇತ್ತು. ಹಂಪನಕಟ್ಟೆಯ ಬಸ್ಸುಗಳ ಹಾರ್ನು, ಕಂಡಕ್ಟರರ ಕೂಗು ಕೇಳಿಸುವಷ್ಟು ಹತ್ತಿರದ ರಸ್ತೆ. ಕೆಳಗೆ ಅಂಗಡಿ, ಮೇಲೆ ಉಪ್ಪರಿಗೆಯಲ್ಲಿ ನಾವು. ಉಪ್ಪರಿಗೆಯಿಂದ ನೇರ ಅಂಗಡಿಯೊಳಕ್ಕೆ ಇಳಿಯುವ ಮರದ ಮೆಟ್ಟಿಲುಗಳಿದ್ದವು. ಆದರೆ ಮನೆಯ ಹೆಂಗಸರು ಅದರಲ್ಲಿ ಇಳಿಯುತ್ತಿದ್ದದ್ದು ದೀಪಾವಳಿಯ ಅಂಗಡಿಪೂಜೆಗೆ ಮಾತ್ರ. ಉಳಿದ ದಿನ ಹೊರಗೆ ಹೋಗಬೇಕೆಂದರೆ ಬದಿಯ ಓಣಿಗೆ ತೆರೆಯುವ ಬಾಗಿಲು. ಇದು ನಿಯಮ ಎಂದು ಮಾವ ಯಾರಿಗೂ ಹೇಳಿದ್ದಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಅದು ಎಪ್ಪತ್ತರ ದಶಕದ ನಡುಭಾಗ. ಭೂಮಸೂದೆಯಲ್ಲಿ ನಮ್ಮ ಕಡೆಯ ಎಷ್ಟೋ ಮನೆತನಗಳ ಗದ್ದೆಗಳು ಒಕ್ಕಲುಗಳ ಹೆಸರಿಗೆ ಹೋಗುತ್ತಿದ್ದ ಕಾಲ. ಮಾವ ಅದಕ್ಕೂ ಬಹಳ ಮುಂಚೆಯೇ ಪೇಟೆಗೆ ಬಂದು ಅಂಗಡಿ ಹಾಕಿದ್ದರಿಂದ ನೆಂಟರ ನಡುವೆ ಬುದ್ಧಿವಂತ ಎನಿಸಿಕೊಂಡಿದ್ದರು. ನಾನು ಬಿ.ಎ. ಮುಗಿಸಿ, ಬ್ಯಾಂಕಿನ ಪರೀಕ್ಷೆಗೆ ಓದಿಕೊಳ್ಳುತ್ತಿದ್ದೆ. ಸಂಬಂಧ ಕುದುರಿದ ದಿನ ನನ್ನ ಅಪ್ಪ ಆ ಪುಸ್ತಕಗಳನ್ನು ನೋಡಿ ನಕ್ಕರು. "ಇನ್ನು ಇದೆಲ್ಲ ಎಂತಕ್ಕೆ? ಚಿನ್ನದಂಗಡಿಯವರ ಸೊಸೆ ಬ್ಯಾಂಕಿನಲ್ಲಿ ಕೂತು ಬೇರೆಯವರ ನೋಟು ಎಣಿಸುವುದಾ?"

ಆ ಉಪ್ಪರಿಗೆಯಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಳಗಿನ ಕೆಲಸ ಮುಗಿದ ಕೂಡಲೇ ರಸ್ತೆಯ ಕಡೆಯ ಕಿಟಕಿಗೆ ಹೋಗುವುದು, ಅಲ್ಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮೆಟ್ಟಿಲ ಬಾಗಿಲಿಗೆ, ಮತ್ತೆ ಕಿಟಕಿಗೆ. ಕೆಳಗಿನಿಂದ ಸದ್ದುಗಳು ಬರುತ್ತಿದ್ದವು. ಶಟರ್ ಎತ್ತುವುದು, ಗಿರಾಕಿಗಳಿಗೆ ಸೋಡಾ ಒಡೆಯುವುದು, ಮಾವನ ನಗು, ಚೌಕಾಸಿ ಬಿಗಿಯಾದಾಗ ಬೀಳುವ ಮೌನ. ಯಾರೋ ಮದುಮಗಳಿಗೆ ಕರಿಮಣಿ ಆರಿಸುತ್ತಿದ್ದಾರೆ, ಯಾರೋ ಅಳುತ್ತ ಬಳೆ ಮಾರುತ್ತಿದ್ದಾರೆ ಎಂದೆಲ್ಲ ಊಹಿಸುತ್ತಿದ್ದೆ. ನನ್ನ ಗಂಡನನ್ನು ಕೇಳಿದರೆ, "ಹಾಗೆಂತ ಇಲ್ಲ, ಮಾಮೂಲಿ" ಎನ್ನುತ್ತಿದ್ದರು. ಅವರು ಒಬ್ಬನೇ ಮಗ. ಒಳ್ಳೆಯವರು, ಮಾತು ಕಡಿಮೆ. ಅಂಗಡಿಯ ವಿಷಯವನ್ನು ಮೆಟ್ಟಿಲ ಕೆಳಗೇ ಬಿಟ್ಟು ಬರುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು.

ಮನೆಯಲ್ಲಿ ಹಗಲಿಡೀ ನನಗಿದ್ದ ಜೊತೆ ಅತ್ತೆ. ನಮ್ಮ ಮನೆಮಾತು ತುಳು, ಅತ್ತೆಯನ್ನು ಮಾಮಿ ಎಂದು ಕರೆಯುತ್ತೇವೆ. ನಾವಿಬ್ಬರೂ ಆಡಿದ್ದೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾಮಿ ಐದನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವರು, ಕಥೆ ಎಂದರೆ ಜೀವ. ಆದರೆ ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ನೆರಳು ತಿಳಿಯುವುದು ಬಿಟ್ಟರೆ ಅಕ್ಷರ ಕಾಣಿಸುತ್ತಿರಲಿಲ್ಲ. ಆಪರೇಷನ್ ಎಂದರೆ ಭಯ. "ಕಣ್ಣಿಗೆ ಕತ್ತಿ ಹಾಕುವುದಾ? ನಾನು ಸತ್ತ ಮೇಲೆ ಹಾಕಿ" ಎನ್ನುತ್ತಿದ್ದರು. ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ, ಅಂಗಡಿಯ ಶಟರ್ ಅರ್ಧ ಎಳೆದು ಗಂಡಸರು ಒಂದು ಗಳಿಗೆ ಮಲಗುವ ಹೊತ್ತಿನಲ್ಲಿ, ನಾನು ಅವರಿಗೆ ಕಾದಂಬರಿ ಓದಿ ಹೇಳುವ ಪದ್ಧತಿ ಬಿತ್ತು.

ಪುಸ್ತಕಗಳು ಹಂಪನಕಟ್ಟೆಯ ಒಂದು ಲಾಡ್ಜಿನ ಮೆಟ್ಟಿಲ ಕೆಳಗಿದ್ದ ಬಾಡಿಗೆ ಲೈಬ್ರರಿಯಿಂದ ಬರುತ್ತಿದ್ದವು. ಆಗ ಪ್ರೇಮದ ಕಾದಂಬರಿಗಳ ಕಾಲ. ಅದರಲ್ಲೂ ಶ್ರೀಮಂತರ ಮನೆಗಳು ಬೇಕು, ಶ್ರೀಮಂತರಲ್ಲೂ ವಜ್ರ, ಚಿನ್ನದ ವ್ಯಾಪಾರದವರು ಬಹಳ ಬೇಕು. ಒಡವೆ ಸಾಮ್ರಾಜ್ಯದ ಏಕೈಕ ವಾರಸುದಾರ ವಿದೇಶಿ ಕಾರಿನಿಂದ ಇಳಿಯುತ್ತಾನೆ. ಬಡ ಟೈಪಿಸ್ಟ್ ಹುಡುಗಿಯ ಕೈಯಿಂದ ಫೈಲು ಬೀಳುತ್ತದೆ. ಮುಂದಿನ ಇನ್ನೂರು ಪುಟ ಅವನ ತಾಯಿ ಒಪ್ಪುವುದಿಲ್ಲ.

ಮಾಮಿ ಚಾಪೆಯ ಮೇಲೆ ಗೋಡೆಗೊರಗಿ, ಕಾಲು ಚಾಚಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ನಿದ್ದೆ ಬಂತೇನೋ ಎಂದು ನಾನು ನಿಲ್ಲಿಸಿದರೆ, "ಓದು, ಓದು" ಎಂದು ಕಾಲಿನಿಂದಲೇ ಸನ್ನೆ. ನಡುನಡುವೆ ಅವರದೇ ಪ್ರಶ್ನೆಗಳು.

"ಇವನು ಅಂಗಡಿಗೆ ಹೋಗುವುದು ಯಾವಾಗ?"

"ಗೊತ್ತಿಲ್ಲ ಮಾಮಿ. ಈಗ ಊಟಿಯಲ್ಲಿದ್ದಾನೆ."

"ಪುಸ್ತಕ ಅರ್ಧ ಆಯ್ತು, ಒಂದು ಮೂಗುತಿ ಮಾರಲಿಲ್ಲ ಇವನು. ಮನೆ ಹೇಗೆ ನಡೆಯುತ್ತದೆ?"

ನಾನು ನಗುತ್ತಿದ್ದೆ. ಆದರೆ ಪುಸ್ತಕ ಮುಚ್ಚಿಟ್ಟ ಮೇಲೆ ಅದೇ ಮಾತು ನನ್ನನ್ನು ಕೊರೆಯುತ್ತಿತ್ತು. ನನ್ನ ಕಾಲ ಕೆಳಗೇ ಒಂದು ಚಿನ್ನದಂಗಡಿ ಇದೆ. ಅಲ್ಲಿಯ ವಾರಸುದಾರ ಸಂಜೆ ನಾಲ್ಕಕ್ಕೆ ಗೋಳಿಬಜೆ ತರಿಸಿ ತಿನ್ನುತ್ತಾನೆ. ಚಿನ್ನದ ಲೆಕ್ಕ ತಪಾಸಣೆಗೆ ಗೋಲ್ಡ್ ಕಂಟ್ರೋಲಿನ ಅಧಿಕಾರಿಗಳು ಬಂದರೆ ಬೆವರುತ್ತಾನೆ. ಈ ಬರೆಯುವವರಲ್ಲಿ ಒಬ್ಬರಾದರೂ ಇಂಥ ಅಂಗಡಿಯ ಹಿಂಬದಿಯನ್ನು ನೋಡಿದ್ದಾರೆಯೇ? ಹಾಗೆ ನೋಡಿದರೆ ನಾನೂ ಎಷ್ಟು ನೋಡಿದ್ದೆ? ವರ್ಷಕ್ಕೊಂದು ಸಲ, ಪೂಜೆಯ ಆರತಿ ಹಿಡಿದುಕೊಂಡು, ಅಷ್ಟೆ.

ಒಂದು ಮಳೆಗಾಲ ನಾನು ಬರೆಯಲು ಕೂತೆ. ಮೊದಲು ಒಂದು ಸಣ್ಣ ಕಥೆ. ಅದು ಒಂದು ವಾರಪತ್ರಿಕೆಯಲ್ಲಿ ಬಂತು. ಸಂಪಾದಕರು ಧಾರಾವಾಹಿ ಇದ್ದರೆ ಕೊಡಿ, ಶ್ರೀಮಂತ ಕುಟುಂಬದ ಪ್ರೇಮಕಥೆಯಾದರೆ ಒಳ್ಳೆಯದು ಎಂದರು. ನನ್ನಲ್ಲಿ ಧಾರಾವಾಹಿ ಇರಲಿಲ್ಲ, ಆದರೂ ಇದೆ ಎಂದುಬಿಟ್ಟೆ. ಬೇರೊಂದು ಹೆಸರಿಟ್ಟುಕೊಂಡು ಸುರು ಮಾಡಿದೆ. ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ. ವಾರಕ್ಕೊಮ್ಮೆ ಅಧ್ಯಾಯವನ್ನು ಪೋಸ್ಟ್ ಮಾಡುವ ಕೆಲಸ ಅವರದು. "ಅಪ್ಪನಿಗೆ ಗೊತ್ತಾಗುವುದು ಬೇಡ" ಎಂದರೇ ಹೊರತು ಒಂದು ದಿನವೂ ಲಕೋಟೆ ಬಿಡಿಸಿ ಓದಲಿಲ್ಲ. ಅದು ನಂಬಿಕೆಯೋ ನಿರಾಸಕ್ತಿಯೋ ಎಂದು ಆಗ ಬಹಳ ಯೋಚಿಸುತ್ತಿದ್ದೆ.

ನನ್ನ ಕಥೆಯಲ್ಲೂ ಒಡವೆ ವ್ಯಾಪಾರದ ದೊಡ್ಡ ಮನೆಯಿತ್ತು, ವಾರಸುದಾರನಿದ್ದ, ಅವನು ಪ್ರೀತಿಸಿ ಮದುವೆಯಾದ ಹುಡುಗಿಯಿದ್ದಳು. ಆದರೆ ನನ್ನ ಹುಡುಗಿಗೆ ನೆಕ್ಲೇಸು ಬೇಡ, ಅಂಗಡಿಯಲ್ಲಿ ಕೂರಬೇಕು. ಅವಳು ಇಳಿಯಲು ಹೊರಟಾಗಲೆಲ್ಲ ಸೊಂಟದಲ್ಲಿ ಕೀಲಿಕೈ ಗೊಂಚಲು ಸಿಕ್ಕಿಸಿಕೊಂಡ ಅತ್ತೆ ಮೆಟ್ಟಿಲಿಗೆ ಅಡ್ಡ ನಿಂತು ಕೇಳುತ್ತಾಳೆ: "ಇಬ್ಬರೂ ಕೆಳಗಿಳಿದರೆ ಮನೆ ನೋಡುವವರು ಯಾರು?"

ಇಷ್ಟನ್ನೆಲ್ಲ ಹುರುಪಿನಲ್ಲಿ ಬರೆದವಳಿಗೆ ಒಂದು ವಿಷಯ ಹೊಳೆದೇ ಇರಲಿಲ್ಲ. ಆ ವಾರಪತ್ರಿಕೆ ನಮ್ಮ ಮನೆಗೂ ಬರುತ್ತಿತ್ತು.

ಮೊದಲ ಕಂತು ಬಂದ ದಿನ ಮಾಮಿ ಚಾಪೆ ಹಾಸಿಕೊಂಡು, "ಹೊಸ ಧಾರಾವಾಹಿ ಸುರು ಆಗಿದೆಯಂತೆ, ಪಕ್ಕದ ಮನೆಯವಳು ಹೇಳಿದಳು. ಚಿನ್ನದ ವ್ಯಾಪಾರದವರ ಕಥೆಯಂತೆ. ಓದು ನೋಡುವ" ಎಂದರು. ನಾನು ಪತ್ರಿಕೆ ಬಿಡಿಸಿದೆ. ಸ್ವಂತ ಬರಹವನ್ನು ಬೇರೆಯವರದೆಂಬಂತೆ ಓದುವುದು ಎಷ್ಟು ಕಷ್ಟ ಎಂದು ಓದಲು ಸುರು ಮಾಡಿದ ಮೇಲೆಯೇ ತಿಳಿದದ್ದು. ಸ್ವರ ತಾನಾಗಿ ಏರುತ್ತದೆ, ಒಳ್ಳೆಯದೆನಿಸಿದ ವಾಕ್ಯ ಬಂದಾಗ ನಿಂತು ಕೇಳುವವರ ಮುಖ ನೋಡುವಂತಾಗುತ್ತದೆ. ಮಾಮಿ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಕೊನೆಯಲ್ಲಿ, "ಇದನ್ನು ಬರೆದವಳಿಗೆ ಅಂಗಡಿ ಗೊತ್ತುಂಟು" ಎಂದರು. ಅಂದು ಸಂಜೆಯವರೆಗೆ ನಾನು ನೆಲದ ಮೇಲೆ ನಡೆದೆನೋ ಇಲ್ಲವೋ ನೆನಪಿಲ್ಲ.

ಆಮೇಲೆ ಪ್ರತಿ ವಾರ ಇದೇ ಸಂಕಟ. ಕಥೆಯಲ್ಲಿ ಅತ್ತೆ ಬರುವ ಜಾಗ ಬಂದಾಗ ನಾನು ಸಾಲುಗಳನ್ನು ಹಾರಿಸುತ್ತಿದ್ದೆ. ಕೀಲಿಕೈ ಗೊಂಚಲು ಹಾರಿಸಿದೆ, ಮೆಟ್ಟಿಲಿಗೆ ಅಡ್ಡ ನಿಂತದ್ದನ್ನು ಹಾರಿಸಿದೆ, ಅವಳ ಮಾತುಗಳನ್ನು ಮೆತ್ತಗೆ ಮಾಡಿ ಓದಿದೆ. ಹೀಗಾಗಿ ಮಾಮಿ ಕೇಳಿದ ಕಥೆಯಲ್ಲಿ ಸೊಸೆ ಯಾಕೆ ಅಳುತ್ತಾಳೆ ಎಂಬುದಕ್ಕೆ ಕಾರಣವೇ ಇರುತ್ತಿರಲಿಲ್ಲ. "ಎಂತಕ್ಕೆ ಮಾರಾಯ್ತಿ ಅಳುವುದು ಇವಳು? ಇಳಿದು ಹೋದರಾಯ್ತಲ್ಲ, ಹಿಡಿದುಕೊಂಡವರು ಯಾರು?" ಎಂದು ಅವರು ಕೇಳುವರು. ನಾನು ಪುಟ ತಿರುಗಿಸುವೆ.

ಸಿಕ್ಕಿಬಿದ್ದದ್ದು ಜೂನ್ ತಿಂಗಳ ಒಂದು ಮಧ್ಯಾಹ್ನ. ಎರಚಲು ಹೊಡೆಯುತ್ತಿತ್ತೆಂದು ಕಿಟಕಿಗಳನ್ನೆಲ್ಲ ಹಾಕಿ, ಲೈಟು ಹಾಕಿಕೊಂಡು ಓದುತ್ತಿದ್ದೆ. ಆ ಕಂತಿನಲ್ಲಿ ಗಂಡ ಹೆಂಡತಿ ಮೊದಲ ಸಲ ಜಗಳವಾಡುತ್ತಾರೆ. ತಿದ್ದಿ ತಿದ್ದಿ ಬಾಯಿಪಾಠವಾಗಿದ್ದ ಭಾಗ ಅದು. ನಾನು ಅದರಲ್ಲೇ ಮುಳುಗಿ ಓದುತ್ತಾ ಹೋದೆ. ಗಂಡ ಮಾತು ಮುಗಿಸಿದ, ಅವಳು ಸುರು ಮಾಡಿದಳು.

"ನಿಲ್ಲಿಸು" ಎಂದರು ಮಾಮಿ.

ನಿಲ್ಲಿಸಿದೆ.

"ಕರೆಂಟು ಹೋಗಿ ಎಷ್ಟು ಹೊತ್ತಾಯ್ತು?"

ಆಗ ನೋಡಿದೆ. ಕೋಣೆ ಕತ್ತಲಾಗಿತ್ತು. ತೊಡೆಯ ಮೇಲಿದ್ದ ಪತ್ರಿಕೆಯಲ್ಲಿ ಒಂದು ಅಕ್ಷರವೂ ಕಾಣುತ್ತಿರಲಿಲ್ಲ. ಮಾಮಿಗೆ ಕಾಣುತ್ತಿದ್ದದ್ದು ಬೆಳಕು, ಕತ್ತಲೆ ಎರಡೇ. ಆ ಎರಡರಲ್ಲೇ ಅವರು ನನ್ನನ್ನು ಹಿಡಿದಿದ್ದರು.

"ಬರೆದದ್ದು ನೀನಾ?"

"ಹೌದು ಮಾಮಿ."

ಅವರು ಏಳಲು ಗೋಡೆ ಹಿಡಿದರು. ನಾನು ಕೈ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಅಡುಗೆಮನೆಯ ಬಾಗಿಲಿನವರೆಗೆ ಹೋಗಿ ತಿರುಗಿ, "ನೀನು ಬಿಟ್ಟು ಬಿಟ್ಟು ಓದುತ್ತಿ ಅಂತ ನನಗೆ ಮೊದಲೇ ಅಂದಾಜು ಇತ್ತು. ಬೇರೆಯವರ ಕಥೆ ಓದುವಾಗ ನೀನು ಹಾಗೆ ತಡೆಯುವುದಿಲ್ಲ" ಎಂದರು.

ಆಮೇಲೆ ಓದು ನಿಂತಿತು. ಮನೆಯಲ್ಲಿ ಮಾತು ನಿಲ್ಲಲಿಲ್ಲ. ಮೀನು ಬಂತಾ, ತೆಂಗಿನಕಾಯಿ ಉಂಟಾ, ಎಲ್ಲ ಮೊದಲಿನಂತೆಯೇ. ಆದರೆ ಮಧ್ಯಾಹ್ನ ಊಟವಾದ ಮೇಲೆ ಅವರು ಕೂರುತ್ತಿರಲಿಲ್ಲ. ಗೋಡೆ ಸವರಿಕೊಂಡು ಈ ಕೋಣೆಯಿಂದ ಆ ಕೋಣೆಗೆ ನಡೆಯುತ್ತಿದ್ದರು. ಅವರು ಅತ್ತ ಹೋದರೆ ನಾನು ಇತ್ತ. ಒಂದು ದಿನ ಊಟಕ್ಕೆ ಕೂತ ಮಾವ ಕೇಳಿದರು, "ಮೇಲೆ ಎಂತ ಓಡಾಟ ಇದು? ಗಿರಾಕಿಗಳು ತಲೆ ಎತ್ತಿ ನೋಡುತ್ತಾರೆ." ನಾನು ಅವರ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದೆ.

ವಾರ ಕಳೆದ ಮೇಲೆ ಮಾಮಿ ಮಗನನ್ನು ಕರೆದು, "ನನ್ನ ಕಣ್ಣಿನ ಆಪರೇಷನ್ ಮಾಡಿಸು" ಎಂದರು. ವರ್ಷಗಟ್ಟಲೆ ಕಾಡಿಬೇಡಿದರೂ ಒಪ್ಪದವರು! ಮನೆಯವರಿಗೆಲ್ಲ ಆಶ್ಚರ್ಯ, ಸಂತೋಷ. ಮಾವ ದೇವಸ್ಥಾನಕ್ಕೆ ಹೋಗಿ ಪೂಜೆ ಕೊಟ್ಟು ಬಂದರು. ಕಾರಣ ಗೊತ್ತಿದ್ದವಳು ನಾನೊಬ್ಬಳೇ. ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಲೆ ಅಲ್ಲಾಡಿಸಬಾರದೆಂದು ಮರಳಿನ ಚೀಲಗಳ ನಡುವೆ ಮಲಗಿದ್ದ ಅವರ ಪಕ್ಕ ನಾನೇ ಇದ್ದೆ. ಅವರು ಒಮ್ಮೆಯೂ ಧಾರಾವಾಹಿಯ ಮಾತು ಎತ್ತಲಿಲ್ಲ. ನಾನು ಅಲ್ಲೇ ಬೆಂಚಿನ ತುದಿಯಲ್ಲಿ ಕೂತು ಮುಂದಿನ ಅಧ್ಯಾಯ ಬರೆಯುತ್ತಿದ್ದೆ. ಪೆನ್ನಿನ ಸದ್ದು ಕೇಳಿದರೆ ಅವರ ತುಟಿ ಬಿಗಿಯಾಗುತ್ತಿತ್ತು.

ದಪ್ಪ ಗಾಜಿನ ಕನ್ನಡಕ ಬಂತು. ಮನೆಗೆ ಬಂದು, ಡಾಕ್ಟರು ಹೇಳಿದಷ್ಟು ದಿನ ಕಾದು, ಮಾಮಿ ಹಳೆಯ ಪತ್ರಿಕೆಗಳ ಕಟ್ಟನ್ನು ತೆಗೆಸಿದರು. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಮೊದಲ ಕಂತಿನಿಂದ ಓದಲು ಸುರು ಮಾಡಿದರು. ಸಾಲಿನ ಕೆಳಗೆ ಬೆರಳು, ತುಟಿ ಅಲ್ಲಾಡುತ್ತಿತ್ತು. ಒಂದು ಪುಟಕ್ಕೆ ಬಹಳ ಹೊತ್ತು ಬೇಕು. ನಾನು ಅಡುಗೆಮನೆಯಲ್ಲಿ ಮಸಾಲೆ ಅರೆಯುತ್ತಾ, ಈಗ ಎಲ್ಲಿಗೆ ಬಂದಿರಬಹುದು, ಕೀಲಿಕೈ ಗೊಂಚಲು ಬಂತೋ, ಮೆಟ್ಟಿಲು ಬಂತೋ ಎಂದು ಲೆಕ್ಕ ಹಾಕುವುದು. ಬೆರಳು ನಿಂತರೆ ನನ್ನ ಕೈಯೂ ನಿಲ್ಲುತ್ತಿತ್ತು. ನಾನು ಯಾವ ಪರೀಕ್ಷೆಯ ಫಲಿತಾಂಶಕ್ಕೂ ಹಾಗೆ ಕಾದದ್ದಿಲ್ಲ.

ಅಲ್ಲಿಯವರೆಗೆ ಬಂದ ಕಂತುಗಳೆಲ್ಲ ಓದಿ ಮುಗಿದ ದಿನ ಕರೆದರು.

"ಈ ಅತ್ತೆ ನಾನಾ?"

"ಅಲ್ಲ ಮಾಮಿ."

"ಅಲ್ಲದಿದ್ದರೆ ನನ್ನ ಕೀಲಿಕೈ ಗೊಂಚಲು ಅವಳ ಸೊಂಟಕ್ಕೆ ಹೇಗೆ ಬಂತು?" ಎಂದು ತಮ್ಮ ಸೊಂಟದ ಗೊಂಚಲನ್ನು ಎತ್ತಿ ತೋರಿಸಿದರು. "ನಾನು ಯಾವತ್ತಾದರೂ ಮೆಟ್ಟಿಲಿಗೆ ಅಡ್ಡ ನಿಂತಿದ್ದೇನಾ? ಹೇಳು."

"ನಿಂತಿಲ್ಲ." ಆ ಹೊತ್ತಿಗೆ ನನಗೂ ಎಲ್ಲಿಂದಲೋ ಧೈರ್ಯ ಬಂತು. "ಆದರೆ ಹೋಗು ಅಂತಲೂ ಹೇಳಲಿಲ್ಲ."

ಮಾಮಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಆಮೇಲೆ ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. ಅವರು ಹೊಸ ಮದುಮಗಳಾಗಿದ್ದಾಗ, ಒಂದು ದಿನ ಮಾವ ಊಟಕ್ಕೆ ಬಾರದೆ ತಡವಾಯಿತೆಂದು ಬುತ್ತಿ ಹಿಡಿದುಕೊಂಡು ಅದೇ ಮೆಟ್ಟಿಲಿನಲ್ಲಿ ಇಳಿದಿದ್ದರಂತೆ. ಅಂಗಡಿಯಲ್ಲಿ ಒಬ್ಬ ಹೆಂಗಸು ಎರಡು ಜೊತೆ ಬೆಂಡೋಲೆ ಹಿಡಿದುಕೊಂಡು, ಯಾವುದು ತೆಗೆದುಕೊಳ್ಳಲಿ ಎಂದು ಗೊಂದಲದಲ್ಲಿದ್ದಳು. ಮಾಮಿ ಅವಳ ಕಿವಿಯ ಹತ್ತಿರ ಹಿಡಿದು ನೋಡಿ, "ನಿಮಗೆ ಇದು ಒಳ್ಳೆದು" ಎಂದರಂತೆ. ಆಕೆ ಅದನ್ನೇ ತೆಗೆದುಕೊಂಡಳು. ಮೇಲೆ ಬಂದಾಗ ಮಾವನ ತಾಯಿ ಮೆಟ್ಟಿಲ ತುದಿಯಲ್ಲಿ ನಿಂತಿದ್ದರು. ಬೈಯಲಿಲ್ಲ. "ಇನ್ನು ಮೇಲೆ ಬುತ್ತಿ ಕೆಲಸದವನ ಹತ್ತಿರ ಕಳಿಸು" ಎಂದರು, ಅಷ್ಟೆ.

"ಅವತ್ತಿನಿಂದ ನಾನೂ ಇಳಿಯಲಿಲ್ಲ. ಅಡ್ಡ ನಿಲ್ಲಬೇಕು ಅಂತಲೂ ಇಲ್ಲ ನೋಡು" ಎಂದರು ಮಾಮಿ. ಕನ್ನಡಕ ಹಾಕಿಕೊಂಡು, "ನಿನ್ನವಳು ಕೊನೆಗೆ ಇಳಿಯುತ್ತಾಳಾ?" ಎಂದು ಕೇಳಿದರು.

ಅದೇ ತೊಂದರೆಯಾಗಿತ್ತು. ಸಂಪಾದಕರು ಮುಕ್ತಾಯ ಹೇಗಿರಬೇಕೆಂದು ಹೇಳಿಬಿಟ್ಟಿದ್ದರು. ಗಂಡ ವಜ್ರದ ಹಾರ ತಂದು ಕ್ಷಮೆ ಕೇಳಬೇಕು, ಅತ್ತೆ ಕೀಲಿಕೈ ಗೊಂಚಲು ಸೊಸೆಗೆ ಕೊಡಬೇಕು, ಸೊಸೆ ಬಸುರಿಯಾಗಿರಬೇಕು. ಅಂಗಡಿ ಬೇಡ, ಓದುಗರಿಗೆ ರುಚಿಸುವುದಿಲ್ಲ. ನಾನು ಅದನ್ನು ಹೇಳಿದಾಗ ಮಾಮಿಯ ಮುಖ ಕೆಂಪಾಯಿತು.

"ಹಾರ ತರುವುದಾ? ಹಾರ ಅವರ ಅಂಗಡಿಯಲ್ಲೇ ಉಂಟಲ್ಲ ಮಾರಾಯ್ತಿ! ಅದರಲ್ಲಿ ಎಂತ ದೊಡ್ಡ ಸಂಗತಿ? ಹಾಗಾದರೆ ನಾನು ಕಣ್ಣು ಕೊಯ್ಸಿಕೊಂಡು ಇಷ್ಟು ಓದಿದ್ದು ಎಂತಕ್ಕೆ?"

ನಾನು ಸಂಪಾದಕರು ಹೇಳಿದಂತೆಯೇ ಬರೆದೆ. ಬೇರೆ ದಾರಿ ಕಾಣಲಿಲ್ಲ. ಬರೆದು ಮುಗಿಸಿದ ಮೇಲೆ ನನ್ನ ಚಡಪಡಿಕೆ ಇನ್ನೂ ಹೆಚ್ಚಾಯಿತು. ಕೊನೆಯ ಕಂತು ಬಂದಾಗ ಮಾಮಿ ಓದಿ, ಪತ್ರಿಕೆ ಮಡಚಿ, ಅಕ್ಕಿ ಡಬ್ಬಿಯ ಕೆಳಗೆ ಹಾಸಿದರು.

ಆ ದಿನಗಳಲ್ಲಿ ಗಲ್ಫಿನ ಹಣ ಊರಿಗೆ ಬರಲು ಸುರುವಾಗಿ, ಅಂಗಡಿಯಲ್ಲಿ ಬ್ಯಾರಿ ಮುಸ್ಲಿಂ ಹೆಂಗಸರ ವ್ಯಾಪಾರ ಜೋರಾಗಿತ್ತು. ಗಂಡಸು ಸೇಲ್ಸ್‌ಮನ್‌ಗಳ ಎದುರು ತಲೆಯ ಬಟ್ಟೆ ಸರಿಸಿ ಸರ ಹಾಕಿ ನೋಡಲು ಅವರಿಗೆ ಸಂಕೋಚ. ಹಾಗಾಗಿ ಬೇಕಾದವರನ್ನು ಓಣಿಯ ಬಾಗಿಲಿನಿಂದ ಉಪ್ಪರಿಗೆಗೆ ಕಳಿಸುವ ರೂಢಿಯಿತ್ತು. ನಮ್ಮ ಮಲಗುವ ಕೋಣೆಯ ಕನ್ನಡಿಯ ಮುಂದೆ ಅವರು ಹಾಕಿ ನೋಡುವುದು, ಕಣ್ಣು ಬಂದ ಮೇಲೆ ಮಾಮಿ ಸಲಹೆ ಕೊಡುವುದು. ತೊಕ್ಕೊಟ್ಟಿನ ಒಬ್ಬರು ಹೀಗೆ ಆಗಾಗ ಬರುತ್ತಿದ್ದರು. ಗಂಡ ದುಬೈಯಲ್ಲಿ, ಇಬ್ಬರು ಹೆಣ್ಣುಮಕ್ಕಳು, ಮಂಡಿನೋವು. ಮಾಮಿಯ ವಯಸ್ಸಿನವರೇ.

ಹಿರಿಯ ಮಗಳ ಮದುವೆಗೆ ಒಡವೆ ತೆಗೆಯಲು ಬಂದ ದಿನ ಅವರು ಮೂರನೆಯ ಸಲ ಮೆಟ್ಟಿಲು ಹತ್ತಿ ಮಂಚದ ಮೇಲೆ ಕುಸಿದು ಕೂತರು.

"ಅಕ್ಕ, ನನ್ನಿಂದ ಆಗುವುದಿಲ್ಲ. ಒಂದು ಸರ ನೋಡಲಿಕ್ಕೆ ಮೇಲೆ, ಬದಲು ಕೇಳಲಿಕ್ಕೆ ಕೆಳಗೆ. ನೀವೇ ಕೆಳಗೆ ಬಂದು ಕೂತರೆ ಎಂತ ಆಗ್ತದೆ? ಒಂದು ಪರದೆ ಕಟ್ಟಿದರೆ ಸಾಕಲ್ವಾ?"

ಮಾಮಿ ಆ ಹೆಂಗಸಿನ ಮಗಳ ಕುತ್ತಿಗೆಯಲ್ಲಿದ್ದ ಸರವನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದರು. ದಪ್ಪ ಗಾಜಿನ ಹಿಂದೆ ಕಣ್ಣು ಎರಡು ಪಟ್ಟು ದೊಡ್ಡದಾಗಿ ಕಾಣುತ್ತಿತ್ತು. ಆಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು, "ಬನ್ನಿ" ಎಂದರು. ಓಣಿಯ ಕಡೆಗಲ್ಲ, ಮರದ ಮೆಟ್ಟಿಲಿನ ಕಡೆಗೆ. ಆ ಹೆಂಗಸು ಮಾಮಿಯ ಭುಜ ಹಿಡಿದರು, ಮಾಮಿ ಕಟಕಟೆ ಹಿಡಿದರು, ಹಿಂದೆ ಮಗಳು. ಒಂದೊಂದೇ ಮೆಟ್ಟಿಲು ಕಿರ್ರೆನ್ನುತ್ತಿತ್ತು. ನಾನು ಮೇಲೆ ನಿಂತು ಬಗ್ಗಿ ನೋಡಿದೆ.

ಕೆಳಗೆ ಗಿರಾಕಿಗಳು ಮೆಟ್ಟಿಲ ಕಡೆ ತಿರುಗಿದರು. ಮಾವ ಕುರ್ಚಿಯಿಂದ ಎದ್ದದ್ದು ಕಂಡಿತು.

"ಎಂತ?" ಎಂದರು.

"ಕೂತುಕೊಳ್ಳಲಿಕ್ಕೆ ಎಂತಾದರೂ ಕೊಡಿ. ಇವರಿಗೆ ಕಾಲು ನೋವುಂಟು, ನನಗೂ ಉಂಟು" ಎಂದರು ಮಾಮಿ.

ಗಿರಾಕಿಗಳ ಎದುರು ಮಾವ ಏನು ಹೇಳಿಯಾರು? ನನ್ನ ಗಂಡ ಓಡಿಹೋಗಿ ಎರಡು ಸ್ಟೂಲು ತಂದಿಟ್ಟರು. ಆ ಮಾತು ಕಡಿಮೆಯ ಮನುಷ್ಯ ಅಷ್ಟು ವೇಗವಾಗಿ ಓಡಿದ್ದನ್ನು ನಾನು ಮೊದಲ ಸಲ ನೋಡಿದ್ದು. ಮಾಮಿ ಕೂತರು. ಅಂದು ಮದುವೆಯ ಒಡವೆ ಎಲ್ಲ ಅವರ ಕೈಯಿಂದಲೇ ಹೋಯಿತು.

ಮಾವ ಒಂದು ವಾರ ಮಾಮಿಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಾಮಿ ತಲೆಕೆಡಿಸಿಕೊಳ್ಳಲಿಲ್ಲ. ದಿನಾ ಹತ್ತು ಗಂಟೆಗೆ ಮುಖ ತೊಳೆದು, ಕುಂಕುಮ ಇಟ್ಟುಕೊಂಡು ಇಳಿಯುತ್ತಿದ್ದರು. ಒಂದು ಮೂಲೆಯಲ್ಲಿ ಹಸುರು ಪರದೆ ಬಂತು, ಅದರ ಹಿಂದೆ ಆಳೆತ್ತರದ ಕನ್ನಡಿ ಬಂತು. ಮುಂದಿನ ದೀಪಾವಳಿಯ ಹೊತ್ತಿಗೆ ಮಾವ ನೆಂಟರೆದುರು, "ಹೆಂಗಸರಿಗೆ ಬೇರೆ ಕೌಂಟರ್ ಇಟ್ಟದ್ದು ನಾನೇ ಯೋಚನೆ ಮಾಡಿ" ಎಂದು ಹೇಳತೊಡಗಿದ್ದರು. ಮಾಮಿ ತಿದ್ದಲಿಲ್ಲ.

ಈಗ ನನ್ನ ಸರದಿ ಎಂದು ನಾನು ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಮಾಮಿ ಇಳಿಯುವ ಹೊತ್ತಿಗೆ ನಾನೂ ಒಳ್ಳೆಯ ಸೀರೆ ಉಟ್ಟು ನಿಂತೆ.

"ನಾನೂ ಬರಲಾ ಮಾಮಿ? ಬಿಲ್ಲು ಬರೆಯುತ್ತೇನೆ."

ಅವರು ಒಂದು ಮೆಟ್ಟಿಲು ಇಳಿದಿದ್ದರು. ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಬ್ಬರೂ ಕೆಳಗಿಳಿದರೆ ಮನೆ ನೋಡುವುದು ಯಾರು ಮಗಾ?"

ನಾನು ಬರೆದ ವಾಕ್ಯ ಅದು. ಬೆರಳಿಟ್ಟು ಓದಿದವರು ಅವರೇ. ಅವರಿಗೆ ಅದು ನೆನಪಿತ್ತೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ. ಕನ್ನಡಕ ಸರಿಮಾಡಿಕೊಂಡು ಇಳಿದು ಹೋದರು. ಮಾತಿನಲ್ಲಿ ಕ್ರೂರತನವೇನೂ ಇರಲಿಲ್ಲ. ಅವರಿಗೆ ನಿಜವಾಗಿಯೂ ಮನೆಯ ಚಿಂತೆ ಇತ್ತು. ಅದಕ್ಕೇ ನನಗೆ ಜಗಳವಾಡಲೂ ಆಗಲಿಲ್ಲ.

ಮುಂದಿನ ಎರಡು ವರ್ಷ ಆ ಉಪ್ಪರಿಗೆಯಲ್ಲಿ ನಾನೊಬ್ಬಳೇ ನಡೆದಾಡಿದೆ. ಸಂಪಾದಕರು ಮತ್ತೆ ಒಡವೆಯ ಮನೆತನದ್ದೇ ಕಥೆ ಕೇಳಿದರು, ಇನ್ನೆರಡು ಬರೆದುಕೊಟ್ಟೆ. ಅವುಗಳಲ್ಲಿ ಎಲ್ಲ ಇತ್ತು: ಕಾರು, ಹಾರ, ಕಳೆದುಹೋದ ಉಂಗುರ. ಅವು ಪುಸ್ತಕವಾಗಿಯೂ ಬಂದು, ಹೆಸರೂ ಸ್ವಲ್ಪ ಆಯಿತು. ಬಾಡಿಗೆ ಲೈಬ್ರರಿಯವನು, ನಾನೇ ಬರೆದದ್ದೆಂದು ತಿಳಿಯದೆ, "ಇದು ತೆಗೊಂಡು ಹೋಗಿ ಅಕ್ಕ, ಶೆಲ್ಫಿನಲ್ಲಿ ನಿಲ್ಲುವುದೇ ಇಲ್ಲ" ಎಂದು ನನ್ನದೇ ಪುಸ್ತಕ ಕೈಗಿಟ್ಟ. ತೆಗೆದುಕೊಂಡು ಬಂದು ಓದಲು ಕೂತೆ, ನಾಲ್ಕು ಪುಟದ ಆಚೆ ಹೋಗಲಾಗಲಿಲ್ಲ. ಬರೆಯುವಾಗ ನನ್ನ ಮನಸ್ಸು ಎಲ್ಲಿತ್ತು? ಕೆಳಗಿನಿಂದ ಮಾಮಿಯ ನಗು ಕೇಳುತ್ತಿತ್ತು. ಮದುವೆಯ ಸೀಸನ್. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಅದನ್ನು ಬೇರೆ ಹೆಸರಿನಿಂದ ಕರೆದು ಏನು ಪ್ರಯೋಜನ?

ಪಣಂಬೂರಿನ ಕಡೆ, ಬಂದರಿನ ಕೆಲಸದವರ ಮಕ್ಕಳು ಬರುವ ಒಂದು ಕನ್ನಡ ಶಾಲೆಯಲ್ಲಿ ಟೀಚರ್ ಬೇಕೆಂದು ನನ್ನ ಹಳೆಯ ಸಹಪಾಠಿ ಹೇಳಿದ್ದು ಆಗಲೇ. ನಾನು ಯಾರಿಗೂ ತಿಳಿಸದೆ ಹೋಗಿ ಕೇಳಿ ಬಂದೆ. ಅವರು ಒಪ್ಪಿದರು. ಮನೆಯಲ್ಲಿ ಹೇಳುವುದು ಹೇಗೆ ಎಂದು ಬಸ್ಸಿನಲ್ಲಿ ಯೋಚಿಸುತ್ತಾ ಬಂದವಳು ಓಣಿಯ ಬಾಗಿಲಿಗೆ ಹೋಗಲಿಲ್ಲ. ನೇರ ಅಂಗಡಿಯ ಮುಂಬಾಗಿಲಿನಿಂದ ಒಳಗೆ ಹೋದೆ. ಗಿರಾಕಿಗಳಿದ್ದರು, ಮಾವ ಇದ್ದರು, ಗಂಡ ತಕ್ಕಡಿಯ ಹತ್ತಿರ ಇದ್ದರು. ಪರದೆ ಸರಿಸಿ ಮಾಮಿಯ ಎದುರು ನಿಂತೆ. ಜನರಿರುವಾಗ ಬೇಡವೆನ್ನುವುದು ಕಷ್ಟ ಎಂದು ನನಗೆ ತೋರಿಸಿಕೊಟ್ಟವರು ಅವರೇ.

"ಸೋಮವಾರದಿಂದ ಶಾಲೆಗೆ ಹೋಗುತ್ತೇನೆ ಮಾಮಿ. ಪಾಠ ಮಾಡಲಿಕ್ಕೆ."

ಅವರು ಒಂದು ಬಳೆಯನ್ನು ಗುಲಾಬಿ ಕಾಗದದಲ್ಲಿ ಸುತ್ತುತ್ತಿದ್ದರು. ಸುತ್ತಿ ಮುಗಿಸಿದರು. "ಮಧ್ಯಾಹ್ನದ್ದು?"

"ಬೆಳಿಗ್ಗೆಯೇ ಮಾಡಿಟ್ಟು ಹೋಗುತ್ತೇನೆ."

"ಮೀನು ಮಧ್ಯಾಹ್ನ ಬರುವುದಲ್ವಾ?"

"ಮೀನು ರಾತ್ರಿಗೆ."

ಪರದೆಯ ಹೊರಗೆ ಮಾವ ಕೆಮ್ಮಿದರು. ಮಾಮಿ ಆ ಕಡೆ ನೋಡಲೇ ಇಲ್ಲ. "ಹೋಗು ಮಾರಾಯ್ತಿ. ದಿನವಿಡೀ ತಲೆಯ ಮೇಲೆ ನಿನ್ನ ಕಾಲಿನ ಸದ್ದು ಕೇಳಿ ನನಗೆ ಸಾಕಾಗಿದೆ" ಎಂದು ಬಳೆಯನ್ನು ಗಿರಾಕಿಗೆ ಕೊಟ್ಟರು. ಗಿರಾಕಿ ಏನೂ ಅರ್ಥವಾಗದೆ ನಮ್ಮಿಬ್ಬರನ್ನೂ ನೋಡಿ ನಕ್ಕಳು.

ಮಾವ ಅದನ್ನು ಒಪ್ಪಿದರೆಂದು ಹೇಳಲಾರೆ. ಅವರು ಇರುವವರೆಗೂ, ನನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿ‌ದರೆ "ಸುಮ್ಮನೆ ಟೈಂಪಾಸಿಗೆ" ಎನ್ನುತ್ತಿದ್ದರು. ಮಾಮಿ ಎಂಬತ್ತರ ದಶಕದ ಕೊನೆಯವರೆಗೆ ಅಂಗಡಿಯಲ್ಲಿ ಕೂತರು. ನಮ್ಮಿಬ್ಬರ ನಡುವೆ ಎಲ್ಲವೂ ಸರಿಹೋಯಿತೆಂದೂ ಇಲ್ಲ. ಅಡುಗೆಯ ವಿಷಯಕ್ಕೆ ಜಗಳ ಆಗಾಗ ಆಗುತ್ತಲೇ ಇತ್ತು.

ಬೆಳಿಗ್ಗೆ ಹಂಪನಕಟ್ಟೆಯಲ್ಲಿ ಬಸ್ಸು ಹತ್ತುವುದು, ಹೆಚ್ಚಿನ ದಿನ ಸೀಟು ಸಿಗದೆ ನಿಂತೇ ಹೋಗುವುದು. ಶಾಲೆಯ ಕಿಟಕಿಯಿಂದ ಬಂದರಿನ ಅದಿರಿನ ಧೂಳು ಬಂದು ಮೇಜಿನ ಮೇಲೆ ಕೂರುತ್ತಿತ್ತು. ತರಗತಿಯಲ್ಲಿ ತುಳು, ಬ್ಯಾರಿ, ತಮಿಳು, ಮಲಯಾಳ ಮಾತಾಡುವ ಮಕ್ಕಳು. ಅವರಿಗೆಲ್ಲ ಕನ್ನಡ ಕಲಿಸಬೇಕು. ಒಂದು ಬೆಂಚಿನವರಿಗೆ ಹೇಳಿ ಮುಗಿಸುವಾಗ ಇನ್ನೊಂದು ಬೆಂಚಿನಲ್ಲಿ ಗಲಾಟೆ, ಅಲ್ಲಿಗೆ ಹೋಗಬೇಕು. ಬೋರ್ಡಿನಿಂದ ಹಿಂದಿನ ಗೋಡೆಗೆ, ಅಲ್ಲಿಂದ ಬಾಗಿಲಿಗೆ. ಸಂಜೆ ಬಸ್ಸಿಳಿದು ಮೆಟ್ಟಿಲು ಹತ್ತುವಾಗ ಕಾಲು ಸೋತಿರುತ್ತಿತ್ತು. ಬಂದು ಕೂತರೆ ಕೂತಲ್ಲಿಯೇ ಕೂತಿರುತ್ತಿದ್ದೆ. ಆ ವರ್ಷ ನಾನು ಒಂದು ಸಾಲೂ ಬರೆಯಲಿಲ್ಲ. ಬರೆದಿಲ್ಲ ಎಂಬುದು ನೆನಪಾದದ್ದೂ ಬೇಸಿಗೆ ರಜೆ ಸುರುವಾದ ಮೇಲೆಯೇ.